ಕೃಷ್ಣಾಜಿಯವರ ಹೆಸರಿನ ಬಾಟಲಿ

ಅಮೀನಗಡದಲ್ಲಿ ಹೆದ್ದಾರಿಗೆ ಮುಖ ಮಾಡಿ ನಿಂತ ಕರದಂಟಿನ ಅಂಗಡಿಗಳ ಸಾಲಿನಲ್ಲಿ ಪದ್ಮಶ್ರೀಯ ಅಂಗಡಿ ದೊಡ್ಡದೇನಲ್ಲ. ಒಡತಿಯ ಬಾಯಿ ಮಾತ್ರ ದೊಡ್ಡದು ಎಂಬುದು ಊರಿಗೆಲ್ಲ ಗೊತ್ತು. ತೂಕದಲ್ಲಿ ಚೌಕಾಸಿ ಮಾಡಿದವರಿಗೆ, ಬಸ್ಸನ್ನು ಅಡ್ಡಾದಿಡ್ಡಿ ನಿಲ್ಲಿಸಿದ ಡ್ರೈವರನಿಗೆ, ಉತ್ತತ್ತಿಯಲ್ಲಿ ಹುಳುಕು ಬೆರೆಸಿ ತಂದ ವ್ಯಾಪಾರಿಗೆ ಅವಳು ಒಂದೇ ದನಿಯಲ್ಲಿ ಮಾತನಾಡುತ್ತಾಳೆ. ಗಂಡ ಅನಿಲಕುಮಾರ ಮೆತ್ತಗಿನ ಮನುಷ್ಯ. ಒಳಗೆ ಪಾಕ ಕಾಯಿಸುವುದು ಅವನ ಕೆಲಸ, ಹೊರಗೆ ಜಗತ್ತನ್ನು ಎದುರಿಸುವುದು ಇವಳದು.

ಅವಳ ತವರು ಮರೋಳ. ಹುನಗುಂದದ ಕಾಲೇಜಿಗೆ ಹೋಗುವಾಗ ಅಲ್ಲಿ ನಡೆದ ಒಂದು ಶಿಬಿರದಲ್ಲಿ ತನ್ನ ರಕ್ತದ ಗುಂಪು ಓ ನೆಗೆಟಿವ್ ಎಂದು ತಿಳಿದದ್ದು. ನೂರು ಮಂದಿಯಲ್ಲಿ ಒಬ್ಬರಿಗೋ ಇಬ್ಬರಿಗೋ ಇರುವ ರಕ್ತ ಇದು, ಕೊಡುವವರು ಸಿಗುವುದಿಲ್ಲ, ಬೇಕಾದಾಗ ಕರೆದರೆ ಬರುತ್ತೀಯಾ ಎಂದು ಶಿಬಿರದವರು ಕೇಳಿದ್ದರು. ಬರುತ್ತೇನೆ ಎಂದಿದ್ದಳು. ಹುಡುಗಾಟಿಕೆಯಲ್ಲಿ ಆಡಿದ ಮಾತನ್ನು ಮದುವೆಯಾಗಿ ಅಮೀನಗಡಕ್ಕೆ ಬಂದ ಮೇಲೂ ಬಿಡಲಿಲ್ಲ.

ಮೊದಮೊದಲು ಅತ್ತೆ ಗುರುಲಿಂಗವ್ವ ಮನೆ ಹಾರಿಹೋಗುವಂತೆ ಕೂಗಾಡಿದ್ದಳು. "ಹೆಣ್ಮಕ್ಕಳ ಮೈಯಾಗಿನ ರಗತ ತಿಂಗಳಾ ತಿಂಗಳಾ ಹೋಗೂದ ಸಾಲಂಗಿಲ್ಲೇನು? ಅದರ ಮ್ಯಾಲ ಬಾಟ್ಲಿ ತುಂಬಿ ಬ್ಯಾರೆ ಕೊಡ್ತಿಯೇನ?" ಎಂದು. ಗುರುಲಿಂಗವ್ವ ಅಮಾವಾಸ್ಯೆಗೊಮ್ಮೆ ಶಿವಯೋಗ ಮಂದಿರಕ್ಕೆ ಹೋಗಿ ದಾಸೋಹದಲ್ಲಿ ರೊಟ್ಟಿ ಬಡಿದು ಬರುವ ಹೆಂಗಸು. ಒಮ್ಮೆ ಹೀಗೇ ಬೈದಾಡುತ್ತಿದ್ದಾಗ ಸೊಸೆ, "ನೀವು ರೊಟ್ಟಿ ಬಡೀತೀರಿ, ನಾ ರಗತ ಕೊಡ್ತೇನಿ. ಎರಡೂ ಮಂದಿ ಜೀವ ಉಳ್ಸೂದಕ್ಕ ಅಲ್ಲೇನ್ರಿ ಅತ್ತಿ?" ಎಂದಳು. ಆಮೇಲಿಂದ ಸೊಸೆ ಬಾಗಲಕೋಟೆಗೆ ಹೋಗಿ ರಕ್ತ ಕೊಟ್ಟು ಬಂದ ದಿನ ತುಪ್ಪದಲ್ಲಿ ಹುರಿದ ಅಂಟು ಹೆಚ್ಚು ಹಾಕಿ ಕರದಂಟು ಮಾಡಿ, ತಾನೇ ಎದುರು ಕೂತು ತಿನ್ನಿಸುವುದು ರೂಢಿಯಾಯಿತು.

ಬಾಗಲಕೋಟೆಯ ಒಂದು ದೊಡ್ಡ ಖಾಸಗಿ ದವಾಖಾನೆಯ ರಕ್ತ ಭಂಡಾರದಿಂದ ಅವಳಿಗೆ ಫೋನು ಬರುತ್ತಿತ್ತು. ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಮಾತ್ರ ಕೊಡಬಹುದು ಎಂಬ ನಿಯಮವಿದೆ. ಅವಧಿ ಮುಗಿಯುವುದನ್ನೇ ಕಾದವರಂತೆ ಅವರು ಕರೆಯುತ್ತಿದ್ದರು. ಯಾರಿಗೆ, ಏಕೆ ಎಂದು ಪದ್ಮಶ್ರೀ ಕೇಳಿದವಳಲ್ಲ. ಕೊಟ್ಟ ರಕ್ತ ಯಾರದೋ ಮೈ ಸೇರುತ್ತದೆ, ಜೀವ ಉಳಿಯುತ್ತದೆ. ಅಷ್ಟು ನಂಬಿಕೆ ಸಾಕಿತ್ತು.

ಕಳೆದ ವರ್ಷದ ಶ್ರಾವಣದಲ್ಲಿ ಹಾಗೇ ಕರೆ ಬಂತು. ಬಾದಾಮಿಯ ಕೃಷ್ಣಾಜಿ ಎಂಬ ನಿವೃತ್ತ ಮಾಸ್ತರರಿಗೆ ಪಿತ್ತಕೋಶದ ಆಪರೇಷನ್, ಎರಡು ಬಾಟಲಿ ಓ ನೆಗೆಟಿವ್ ತಯಾರಿರಬೇಕಂತೆ. ಪದ್ಮಶ್ರೀ ಒಂದು ಕೊಟ್ಟಳು. ಇಲಕಲ್ಲಿನಿಂದ ಬಂದಿದ್ದ ಇನ್ನೊಬ್ಬರು ಮತ್ತೊಂದು ಕೊಟ್ಟರು. ಮಾಸ್ತರರ ಹೆಂಡತಿ ಅನಸೂಯಾಬಾಯಿ ಬಂದು ಅವಳ ಎರಡೂ ಕೈ ಹಿಡಿದು, "ನಿಮ್ಮ ಹೊಟ್ಟಿ ತಣ್ಣಗಿರಲಿ ತಾಯಿ" ಎಂದರು. ಪದ್ಮಶ್ರೀ ಸಂತೋಷದಿಂದಲೇ ಊರಿಗೆ ಮರಳಿದಳು.

ಮುಂದಿನ ವಾರದಲ್ಲಿ ಒಂದು ದಿನ ಬೆಳಗ್ಗೆ, ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಉತ್ತತ್ತಿಯ ಬೀಜ ಬಿಡಿಸುತ್ತ ಕೂತಿದ್ದ ದಸ್ತಗೀರಬಿ ಇದ್ದಕ್ಕಿದ್ದಂತೆ ಚೀರಿಕೊಂಡಳು. ದಸ್ತಗೀರಬಿ ಅಂಗಡಿಯಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕಿರುವವಳು. ಅವಳ ಒಬ್ಬಳೇ ಮಗಳು ರಿಜ್ವಾನಾಳನ್ನು ಇಲಕಲ್ಲಿಗೆ ಕೊಟ್ಟಿದ್ದಳು. ಅಳಿಯ ಅಫ್ಜಲ ಸೀರೆ ನೇಯುವವನು, ರಿಜ್ವಾನಾಳೂ ಮಗ್ಗದ ಮೇಲೆ ಕೂರುವವಳು. ಅವತ್ತು ಇಲಕಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ರಿಜ್ವಾನಾಳಿಗೆ ಹೆರಿಗೆಯಾಗಿತ್ತು, ಹೆಣ್ಣುಮಗು. ಮಗುವೇನೋ ಚೆನ್ನಾಗಿತ್ತು, ಆದರೆ ತಾಯಿಗೆ ಹೋಗುತ್ತಿದ್ದ ರಕ್ತ ನಿಲ್ಲುತ್ತಿರಲಿಲ್ಲ. ಬಾಗಲಕೋಟೆಯ ಅದೇ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದು ಆಂಬುಲೆನ್ಸ್ ಹತ್ತಿಸಿದ್ದರು. ಅಫ್ಜಲ ಆಂಬುಲೆನ್ಸಿನಿಂದಲೇ ಅತ್ತೆಗೆ ಫೋನು ಮಾಡಿದ್ದ.

"ರಗತ ಬೇಕಂತ್ರಿ ಅಕ್ಕಾರ. ಅಕಿದೂ ನಿಮ್ಮಂಗ ಆ ಸಿಗದ ರಗತಂತ್ರಿ. ಎಲ್ಲಿಂದ ತರ್ಲಿ ನಾ?" ಎಂದು ದಸ್ತಗೀರಬಿ ಎದೆ ಬಡಿದುಕೊಂಡಳು.

"ಓ ನೆಗೆಟಿವ್ ಏನು?"

"ಹೂಂನ್ರಿ, ಅದನ."

"ಹಂಗಾರ ಅಳಬ್ಯಾಡ. ನಂದ ಅಲ್ಲೇ ಐತಿ. ಹ್ವಾದ ವಾರ ಕೊಟ್ಟೇನಿ. ಅದು ಮಾಸ್ತರಿಗೆ ಖರ್ಚಾಗಿದ್ರ ಇಲಕಲ್ಲಿನವ್ರದು ಇನ್ನೊಂದು ಇರ್ತೈತಿ. ನಡಿ."

ಅನಿಲಕುಮಾರ ಒಲೆ ಆರಿಸಿ ಕಾರು ತೆಗೆದ. ದಾರಿಯುದ್ದಕ್ಕೂ ಪದ್ಮಶ್ರೀ ದಸ್ತಗೀರಬಿಯ ಕೈ ಹಿಡಿದು ಧೈರ್ಯ ಹೇಳುತ್ತಲೇ ಇದ್ದಳು. ಅವಳಿಗೆ ನಿಜಕ್ಕೂ ಧೈರ್ಯವಿತ್ತು. ಇಷ್ಟು ವರ್ಷ ಕೊಟ್ಟಿದ್ದೇನೆ, ನನ್ನ ಮನೆಯವಳಂಥ ಒಬ್ಬಳಿಗೆ ಬೇಕಾದಾಗ ಇಲ್ಲವೆನ್ನುತ್ತಾರೆಯೇ?

ಇಲ್ಲವೆಂದರು.

"ಓ ನೆಗೆಟಿವ್ ಸ್ಟಾಕ್ ಇಲ್ರೀ. ಹೊರಗಿಂದ ಕೊಡಾವ್ರನ್ನ ಕರ್ಕೊಂಡ್ ಬರ್ರಿ" ಎಂದ ರಕ್ತ ಭಂಡಾರದ ಕಿಟಕಿಯಲ್ಲಿ ಕೂತಿದ್ದ ನೌಕರ, ತಲೆ ಎತ್ತದೆ.

"ಹೆಂಗಿಲ್ಲ? ನಾನ ಕೊಟ್ಟೇನಲ್ಲ, ಹ್ವಾದ ವಾರ!"

ಅವನು ಆಗ ತಲೆ ಎತ್ತಿ ಗುರುತು ಹಿಡಿದ. "ಓ, ಮೇಡಮ್ಮಾರ ನೀವ? ಅದು ಐತ್ರಿ. ಎರಡು ಬಾಟ್ಲಿ ಅದಾವು. ಆದ್ರ ಅವು ರಿಸರ್ವ್ ಆಗ್ಯಾವ್ರಿ. ಕೃಷ್ಣಾಜಿ ಅನ್ನೋ ಪೇಶಂಟಿನ ಹೆಸರಿನ ಮ್ಯಾಲ."

"ಅವರ ಆಪರೇಷನ್ ಇನ್ನಾ ಆಗಿಲ್ಲೇನು?"

"ಆಗೇತ್ರಿ."

"ರಗತ ಹಚ್ಚಿಲ್ಲ?"

"ಬೇಕಾಗಿಲ್ರೀ."

ಪದ್ಮಶ್ರೀಗೆ ಒಂದು ಕ್ಷಣ ತಾನು ಕೇಳಿಸಿಕೊಂಡದ್ದು ಅರ್ಥವಾಗಲಿಲ್ಲ. ಒಳಗೆ ತಣ್ಣನೆಯ ಪೆಟ್ಟಿಗೆಯಲ್ಲಿ ರಕ್ತ ಇದೆ. ಯಾರಿಗಾಗಿ ಇಟ್ಟಿದ್ದಾರೋ ಅವರಿಗೆ ಬೇಕಾಗಿಲ್ಲ. ಬೇಕಾದವಳು ಹೆರಿಗೆ ವಿಭಾಗದಲ್ಲಿ ಸುಣ್ಣದಂತೆ ಬಿಳಿಚಿಕೊಂಡು ಮಲಗಿದ್ದಾಳೆ. ನಡುವೆ ಒಂದು ಗೋಡೆ, ಒಂದು ಕಿಟಕಿ, ಒಬ್ಬ ನೌಕರ. ಅವಳು ಕಿಟಕಿಯ ಸರಳು ಹಿಡಿದು ಕೂಗಿದ ಕೂಗಿಗೆ ಒಳಗಿನಿಂದ ಡಾಕ್ಟರ್ ಶಿರೀಷ ಓಡಿ ಬಂದರು. ರಕ್ತ ಭಂಡಾರದ ಜವಾಬ್ದಾರಿ ಅವರದು. ಪದ್ಮಶ್ರೀಯ ಪರಿಚಯ ಮೊದಲಿನಿಂದಲೂ ಇತ್ತು.

"ಪದ್ಮಶ್ರೀಯವರ, ನಾನೂ ಅದಕ್ಕ ಫೋನ್ ಹಚ್ಚಲಿಕ್ಕತ್ತೇನಿ. ಮಾಸ್ತರರ ಆಪರೇಷನ್ ಮಾಡಿದ ಸರ್ಜನ್ ಡಾಕ್ಟರ್ ಕೌಶಿಕ ಥಿಯೇಟರಿನ್ಯಾಗ ಇದ್ದಾರ, ಫೋನ್ ಹೊರಗ ಅದ. ಅವರು ಬಿಟ್ಟುಕೊಡ್ತೇನಿ ಅಂದ್ರ ಮಾತ್ರ ನಾ ಕೊಡಬಹುದು."

"ಬಿಟ್ಟುಕೊಡಾಕ ಅವರ ಅಪ್ಪನ ಮನಿ ರಗತೇನ್ರಿ ಅದು? ನನ್ನ ಮೈಯಾಗಿಂದು!"

ಶಿರೀಷ ತಲೆ ತಗ್ಗಿಸಿದರು. "ಖರೆ ಅದ. ಒಮ್ಮೆ ಹಿಂಗ ಕೇಳದ ಬ್ಯಾರೇದವರಿಗೆ ಕೊಟ್ಟಿದ್ದೆ. ನೋಟೀಸು ಕೊಟ್ರು ನನಗ. ನೀವು ಹೋಗಿ ಅವರಿಂದ ಒಂದು ಮಾತು ತರ್ರಿ. ಅಷ್ಟರಾಗ ಆ ಹುಡುಗಿ ರಕ್ತಕ್ಕ ಇದು ಹೊಂದತದೋ ಇಲ್ಲೋ ಅನ್ನೋ ಪರೀಕ್ಷಾ ನಾ ಸುರು ಮಾಡಿರತೇನಿ. ವ್ಯಾಳ್ಯಾ ಹಾಳಾಗಬಾರದು."

ಪದ್ಮಶ್ರೀ ಮೊದಲು ಹೋದದ್ದು ಕೃಷ್ಣಾಜಿಯವರ ಕೋಣೆಗೆ. ರೋಗಿಯೇ ಬೇಡವೆಂದರೆ ಕೆಲಸ ಬೇಗ ಆದೀತು ಎಂಬ ಲೆಕ್ಕ ಅವಳದು. ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು ಮಾಸ್ತರರನ್ನು ಇನ್ನೂ ಇಟ್ಟುಕೊಂಡಿದ್ದರು. ಅವರು ದಿಂಬಿಗೆ ಒರಗಿ ಗಂಜಿ ಕುಡಿಯುತ್ತ ಪೇಪರು ಓದುತ್ತಿದ್ದರು. ಪದ್ಮಶ್ರೀ ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಮಾಸ್ತರರು ಬಟ್ಟಲನ್ನು ಪಕ್ಕಕ್ಕಿಟ್ಟರು.

"ನನ್ನ ಹೆಸರಿನ ಮ್ಯಾಲ ಇನ್ನೂ ಇಟ್ಟಾರ? ನನಗ ಗೊತ್ತ ಇಲ್ಲಲ್ಲ ತಾಯಿ! ನಾ ಹಿಂಗ ಗಂಜಿ ಕುಡಕೋತ ಕೂತೇನಿ... ಕೊಟ್ಟುಬಿಡ್ರಿ, ಈಗಿಂದೀಗ ಕೊಡ್ರಿ. ಎಲ್ಲೆರ ಸಹಿ ಬೇಕಾದ್ರ ಮಾಡ್ತೇನಿ."

ಆದರೆ ಅವರ ಸಹಿ ಯಾರಿಗೂ ಬೇಕಾಗಿರಲಿಲ್ಲ. ವಾರ್ಡಿನ ನರ್ಸು, "ಪೇಶಂಟು ಹೇಳಿದ್ರ ನಡೆಯಂಗಿಲ್ರೀ, ಸರ್ ಹೇಳಬೇಕು" ಎಂದಳು. ಅನಸೂಯಾಬಾಯಿ ಎದ್ದು, "ನಡೀರಿ, ನಾನೂ ಬರ್ತೇನಿ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಇಬ್ಬರೂ ನಿಂತರು. ಒಳಗಿನಿಂದ ಬಂದ ಸಿಬ್ಬಂದಿಯವರು, ಸರ್ ಕೆಲಸದಲ್ಲಿದ್ದಾರೆ, ಹೊರಗೆ ಕುಳಿತಿರಿ ಎಂದರು. ಇನ್ನೊಬ್ಬರು ಬಂದು ಅದನ್ನೇ ಹೇಳಿದರು. ಅಫ್ಜಲ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂದ. ಅವನ ಅಂಗಿಯ ತೋಳು ಹೆಂಡತಿಯ ರಕ್ತದಿಂದ ಒದ್ದೆಯಾಗಿತ್ತು. "ಬರೇ ಸಲೈನ್ ಹಚ್ಚ್ಯಾರ್ರೀ ಅಕ್ಕಾರ. ಪಾಸಿಟಿವ್ ರಗತ ಕೊಡಾಕ ಹಿಂದ ಮುಂದ ನೋಡಾಕತ್ಯಾರ. ಅಕಿ ಮಾತ ಆಡವಲ್ಲಳು" ಎಂದು ಹೇಳಿ ಗೋಡೆಗೆ ಒರಗಿದ.

ಆ ತೋಳನ್ನು ನೋಡಿದ್ದೇ ಪದ್ಮಶ್ರೀಯ ತಾಳ್ಮೆ ಕಿತ್ತುಹೋಯಿತು. ಅವಳು ಬಾಗಿಲನ್ನು ಎರಡೂ ಅಂಗೈಯಿಂದ ಬಡಿಯತೊಡಗಿದಳು. "ಡಾಕ್ಟರ! ಒಂದು ಮಾತು ಹೇಳ್ರಿ ಸಾಕು! ಒಳಗಿಂದನ ಹೇಳ್ರಿ!" ಕಾವಲಿನವನು ಅವಳ ರಟ್ಟೆ ಹಿಡಿಯಲು ಬಂದ. ಅನಸೂಯಾಬಾಯಿ ಅಡ್ಡ ನಿಂತು, "ಅಕಿನ್ನ ಮುಟ್ಟಿದ್ರ ನೋಡು ಮತ್ತ" ಎಂದರು. ಬಿಳಿಕೂದಲಿನ ಆ ಹೆಂಗಸಿನ ದನಿಗೆ ಅವನು ಹಿಂದೆ ಸರಿದ.

ಕೊನೆಗೆ ಒಂದು ಆಪರೇಷನ್ ಮುಗಿಸಿ ಡಾಕ್ಟರ್ ಕೌಶಿಕ ಹೊರಗೆ ಬಂದರು. ಮುಖದ ಮೇಲಿನ ಬಟ್ಟೆ ಕೆಳಗಿಳಿಸಿ, "ಏನಿದು ಗದ್ದಲ?" ಎಂದರು. ಪದ್ಮಶ್ರೀ ಹೇಳಿದಳು. ಅವರು ಹುಬ್ಬು ಗಂಟಿಕ್ಕಿ ಕೇಳಿದ್ದು ಇಷ್ಟು:

"ಯಾವ ಕೃಷ್ಣಾಜಿ?"

ಅನಸೂಯಾಬಾಯಿಯನ್ನು ನೋಡಿದ ಮೇಲೆ ನೆನಪಾಯಿತು. "ಓ, ಬಾದಾಮಿ ಮಾಸ್ತರು! ಅವರದು ಛಲೋ ಆತಲ್ಲ. ಆ ರಕ್ತ ಇನ್ನೂ ಅಲ್ಲೇ ಅದ ಏನು? ಕೊಡ್ರಿ, ಕೊಡ್ರಿ. ಶಿರೀಷಗ ಹೇಳ್ರಿ ನಾ ಅಂದೇನಿ ಅಂತ."

ಅಷ್ಟೇ. ಒಂದು ಉಸಿರಿನ ಮಾತು. ಅವರಿಗೆ ಹಟವೂ ಇರಲಿಲ್ಲ, ಕೆಟ್ಟ ಮನಸ್ಸೂ ಇರಲಿಲ್ಲ, ಮರೆತಿದ್ದರು. ಪದ್ಮಶ್ರೀ ಮೆಟ್ಟಿಲಿಳಿದು ಓಡುವಾಗ, ಇದನ್ನು ಹಟದಿಂದ ಮಾಡಿದ್ದರೆ ತಡೆದುಕೊಳ್ಳಬಹುದಿತ್ತು ಎನ್ನಿಸಿತು.

ಶಿರೀಷ ಮಾತಿನಂತೆ ಪರೀಕ್ಷೆ ಮುಗಿಸಿ ಕಾದಿದ್ದರು. ಎರಡೂ ಬಾಟಲಿ ರಿಜ್ವಾನಾಳ ಮೈ ಸೇರಿದವು. ಅವಳು ಉಳಿದಳು. ಆದರೆ ರಕ್ತಸ್ರಾವ ನಿಲ್ಲದೆ ಆ ಹೊತ್ತಿಗಾಗಲೇ ಅವಳನ್ನು ಆಪರೇಷನ್ನಿಗೆ ಒಯ್ದಿದ್ದರು. ಗರ್ಭಕೋಶ ತೆಗೆಯಬೇಕಾಯಿತು. ಚೊಚ್ಚಲ ಹೆರಿಗೆ ಅದು.

ಸಂಜೆ ಪದ್ಮಶ್ರೀ ಶಿರೀಷರ ಎದುರು ಹೋಗಿ ಕೂತಳು. "ಖರೆ ಹೇಳ್ರಿ. ಬಂದ ಕೂಡ್ಲೆ ರಗತ ಸಿಕ್ಕಿದ್ರ ಅಕಿ ಚೀಲ ಉಳೀತಿತ್ತೋ ಇಲ್ಲೋ?"

ಶಿರೀಷ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಉಳೀತಿತ್ತು ಅಂತ ಹೇಳಲಿಕ್ಕೆ ಬರೂದಿಲ್ಲ. ಉಳೀತಿದ್ದಿಲ್ಲ ಅಂತನೂ ಹೇಳಲಿಕ್ಕೆ ಬರೂದಿಲ್ಲ. ತಡಾ ಆಗಿದ್ದು ಮಾತ್ರ ನಮ್ಮ ತಪ್ಪು." ಆಮೇಲೆ ಅವರೇ ಬಿಚ್ಚಿ ಹೇಳಿದರು. ಪಿತ್ತಕೋಶ, ಹರ್ನಿಯಾ, ಇಂಥ ಆಪರೇಷನ್ನುಗಳಲ್ಲಿ ರಕ್ತ ಬೇಕಾಗುವುದೇ ಅಪರೂಪ. ರೋಗಿಯ ರಕ್ತದ ಮಾದರಿ ತೆಗೆದು ಗುಂಪು ನೋಡಿ ಇಟ್ಟುಕೊಂಡರೆ ಸಾಕು; ಅಕಸ್ಮಾತ್ ಬೇಕೆನಿಸಿದರೆ ಆಗಲೇ ಹೊಂದಿಸಿ ಕೊಡಬಹುದು. ಆದರೆ ಡಾಕ್ಟರುಗಳಿಗೆ ಹಳೆಯ ರೂಢಿ: ಆಪರೇಷನ್ ಎಂದರೆ ಎರಡು ಬಾಟಲಿ ಬರೆದುಬಿಡುವುದು. ಕೇಳಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಯಾರ ಮೈಗೂ ಹೋಗುವುದಿಲ್ಲ. ಹೆಸರು ಅಂಟಿಸಿಕೊಂಡು ಕೂತಿರುತ್ತದೆ. ಕೆಲವು ಹಾಗೇ ಅವಧಿ ಮೀರುತ್ತವೆ.

"ಮೀರಿದ್ರ?"

"ಚೆಲ್ತೇವಿ."

"ನಂದೂ ಚೆಲ್ಲೀರೇನು? ಇಷ್ಟು ವರ್ಷದಾಗ?"

"ಚೆಲ್ಲೇವಿ" ಎಂದರು ಶಿರೀಷ, ಮುಖ ನೋಡದೆ. ಪದ್ಮಶ್ರೀ ತನ್ನ ಮೊಣಕೈ ಮಡಿಕೆಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿಕೊಂಡಳು. ಊರಿಗೆ ಮರಳುವಾಗ ಕಾರಿನಲ್ಲಿ ಅತ್ತಳು. ಅನಿಲಕುಮಾರ ಮದುವೆಯಾದಂದಿನಿಂದ ಅವಳು ಅತ್ತದ್ದನ್ನು ಕಂಡವನಲ್ಲ; ಏನು ಮಾಡಬೇಕೆಂದು ತೋಚದೆ ಕಾರು ನಿಲ್ಲಿಸಿ ನೀರು ತಂದುಕೊಟ್ಟ.

ದವಾಖಾನೆಯವರಿಗೆ ವಿಷಯ ಊರ ಬಾಯಿಗೆ ಬೀಳುವ ಭಯ ಹುಟ್ಟಿರಬೇಕು. ಸ್ವಲ್ಪ ದಿನಗಳಲ್ಲೇ ಬಾಗಲಕೋಟೆಯ ನವನಗರದ ಒಂದು ಸಭಾಂಗಣದಲ್ಲಿ ರಕ್ತದಾನಿಗಳ ಸನ್ಮಾನ ಇಟ್ಟುಕೊಂಡರು. ಪದ್ಮಶ್ರೀಗೆ ಮೊದಲ ಸನ್ಮಾನವಂತೆ. ಹೋಗಬೇಡ ಎಂದ ಅನಿಲಕುಮಾರ. ಗುರುಲಿಂಗವ್ವ, "ಹೋಗು. ಹೊಟ್ಟ್ಯಾಗಿಂದು ಅಲ್ಲೇ ಹೇಳಿ ಬಾ" ಎಂದಳು.

ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲ ಇದ್ದವು. ನಿರೂಪಕರು ಅವಳನ್ನು ತಾಯಿ ಎಂದರು, ದೇವತೆ ಎಂದರು. ಡಾಕ್ಟರ್ ಕೌಶಿಕರೇ ಶಾಲು ಹಿಡಿದು ಮುಂದೆ ಬಂದರು. ಪದ್ಮಶ್ರೀ ಒಂದು ಹೆಜ್ಜೆ ಹಿಂದೆ ಸರಿದು ಮೈಕಿನ ಬಳಿ ನಿಂತಳು.

"ಶಾಲು ಆಮ್ಯಾಲ ನೋಡೂಣ್ರಿ. ನಂದೊಂದು ಪ್ರಶ್ನೆ ಐತಿ. ನಾವು ಕೊಟ್ಟಿದ್ರಾಗ ಎಷ್ಟು ಮಂದಿ ಮೈಗೆ ಹೋತು, ಎಷ್ಟು ಗಟಾರಕ್ಕ ಹೋತು?"

ಕೌಶಿಕರು ಶಾಲು ಹಿಡಿದಲ್ಲೇ ನಿಂತರು.

"ದಾಸೋಹದ ಮನ್ಯಾಗ ಎಡಿ ಮಾಡಿ, ಇದು ದೊಡ್ಡವರದು ಅಂತ ಮುಚ್ಚಿಟ್ಟು, ಹಸದು ಬಂದಾಕಿನ್ನ ಬಾಗಲದಾಗ ನಿಲ್ಲಿಸಿ, ಕಡೀಕ ಹಳಸೇತಿ ಅಂತ ತಿಪ್ಪಿಗೆ ಒಗದ್ರ ಅದಕ್ಕ ನೀವು ಏನಂತೀರಿ? ನಾ ಪಾಪ ಅಂತೇನಿ. ಅನ್ನ ಆದ್ರ ಮತ್ತ ಕುದಿಸಬಹುದು. ಇದನ್ನ ಯಾವ ಒಲಿ ಮ್ಯಾಲ ಕುದಿಸ್ತೀರಿ? ನೀವು ಎರಡು ಬಾಟ್ಲಿ ಅಂತ ಬರೀತೀರಿ. ನಮ್ಮ ಮಂದಿ ಊರೂರು ತಿರುಗಿ ಕಾಲು ಹಿಡಿದು ತರ್ತಾರ. ಬರಿಯೋ ಮುಂದ ಖರೇನ ಬೇಕೋ ಬ್ಯಾಡೋ ಅಂತ ಒಂದು ಕ್ಷಣ ವಿಚಾರ ಮಾಡಾಕ ನಿಮಗ ಏನ್ ಧಾಡಿರಿ?"

ಕೌಶಿಕರ ಮುಖ ಕೆಂಪಾಯಿತು. "ನೋಡ್ರಿ ಅಮ್ಮಾರ, ಏನರೆ ಹೆಚ್ಚುಕಮ್ಮಿ ಆದ್ರ ಮಂದಿ ನಮ್ಮ ಕೊಳ್ಳಪಟ್ಟಿ ಹಿಡೀತಾರ. ಮುಂಜಾಗ್ರತಿಗೆ ಅಂತ ಇಡತೇವಿ. ನಿಮಗದು ತಿಳಿಯೂದಿಲ್ಲ."

"ನನಗ ತಿಳಿಯಂಗಿಲ್ಲ, ಖರೆ. ಇವರಿಗೆ ತಿಳೀತೈತಲ್ಲ? ಇವರನ್ನ ಕೇಳ್ರಿ" ಎಂದು ಅವಳು ಕೆಳಗೆ ಮೊದಲ ಸಾಲಿನಲ್ಲಿ ಕೂತಿದ್ದ ಶಿರೀಷರತ್ತ ಕೈ ತೋರಿಸಿದಳು.

ಶಿರೀಷ ನಿಧಾನಕ್ಕೆ ಎದ್ದರು. ಹೊಟ್ಟೆಪಾಡಿನ ಮನುಷ್ಯ, ಒಮ್ಮೆ ನೋಟೀಸು ತಿಂದವರು. ಅವರು ಏನೂ ಹೇಳಲಾರರು ಎಂದೇ ಪದ್ಮಶ್ರೀಗೂ ಒಂದು ಗಳಿಗೆ ಅನ್ನಿಸಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅವರು ಹೇಳಿದ್ದು ಖರೆ ಅದ. ನಾ ಇದನ್ನ ಆಡಳಿತದವರಿಗೆ ಮ್ಯಾಲಿಂದ ಮ್ಯಾಲೆ ಬರದು ಕೊಟ್ಟೇನಿ. ಯಾರೂ ಓದಲಿಲ್ಲ. ಇವತ್ತು ಎಲ್ಲಾರ ಮುಂದ ಹೇಳ್ತೇನಿ" ಎಂದು, ಯಾವ ಆಪರೇಷನ್ನಿಗೆ ರಕ್ತ ಬೇಕು, ಯಾವುದಕ್ಕೆ ಬೇಡ, ಬೇಡದಾದದ್ದನ್ನು ಮಾರನೆಯ ದಿನವೇ ಏಕೆ ಬಿಡಬೇಕು ಎಂಬುದನ್ನೆಲ್ಲ ನಿಂತಲ್ಲೇ ಹೇಳಿದರು. ದಾನಿಗಳಲ್ಲಿ ಒಬ್ಬೊಬ್ಬರೇ ಎದ್ದು ನಿಲ್ಲತೊಡಗಿದರು. ಇಲಕಲ್ಲಿನಿಂದ ಬಂದಿದ್ದ ಮುರ್ತುಜಸಾಬ, ಕೃಷ್ಣಾಜಿಯವರ ಇನ್ನೊಂದು ಬಾಟಲಿ ಕೊಟ್ಟಿದ್ದವರು, "ಇದು ಸರಿ ಆಗೂತನಕ ನಮ್ಮ ಕಡಿಂದ ಒಂದು ಹನಿ ಸೈತ ಇಲ್ಲ, ಜೀವ ಹೋಗೋ ಮಂದೀಗಿ ಬಿಟ್ಟು" ಎಂದರು. ಶಾಲುಗಳು ಮಡಿಸಿದ್ದು ಮಡಿಸಿದ ಹಾಗೇ ಉಳಿದವು.

ಆಡಳಿತದವರು ಮಣಿದದ್ದು ಮನಸ್ಸು ಕರಗಿ ಅಲ್ಲ. ದಾನಿಗಳಿಂದ ರಕ್ತ ಬರುವುದು ನಿಂತಿತ್ತು, ಅದಕ್ಕೆ. ಈಗ ಅಲ್ಲಿ ಶಿರೀಷರು ಹೇಳಿದ ಪದ್ಧತಿ ಬಂದಿದೆ. ಸಣ್ಣ ಆಪರೇಷನ್ನಿಗೆ ಬರೀ ಮಾದರಿ ಇಡುತ್ತಾರೆ. ಕಾದಿರಿಸಿದ್ದು ಬಳಕೆಯಾಗದಿದ್ದರೆ ಯಾರ ಅಪ್ಪಣೆಗೂ ಕಾಯದೆ ಮರುದಿನ ಬೇರೆಯವರಿಗೆ ಸಿಗುತ್ತದೆ. ಜೀವಕ್ಕೆ ಬಂದಾಗ ಶಿರೀಷರೇ ತೀರ್ಮಾನಿಸಬಹುದು.

ಆದರೆ ಹುನಗುಂದ, ಇಲಕಲ್, ಬಾದಾಮಿಗಳಲ್ಲಿ ಎಷ್ಟೋ ಕಡೆ ಹಳೆಯದೇ ನಡೆದಿದೆ. ಹೆತ್ತವಳು ಸ್ವಲ್ಪ ಬಿಳಿಚಿಕೊಂಡಿದ್ದರೆ "ತ್ರಾಣಕ್ಕ ಒಂದು ಬಾಟ್ಲಿ ಏರಿಸಿಬಿಡೂಣು" ಎನ್ನುವವರು ಇದ್ದಾರೆ. ಗುಳಿಗೆ, ಸೊಪ್ಪು, ಬೆಲ್ಲದಲ್ಲಿ ಆಗುವ ಕೆಲಸಕ್ಕೆ. ಪದ್ಮಶ್ರೀಗೆ ಫೋನು ಬಂದರೆ ಈಗ ಮೊದಲು ಕೇಳುತ್ತಾಳೆ: ಯಾರಿಗೆ, ಏನಾಗಿದೆ, ಬಳಸದಿದ್ದರೆ ಏನು ಮಾಡುತ್ತೀರಿ? ಕೆಲವರು ಸಿಟ್ಟಿನಿಂದ ಫೋನು ಇಡುತ್ತಾರೆ. ಉತ್ತರ ಸರಿ ಬಂದರೆ ಮುಂದಿನ ಬಸ್ಸು ಹತ್ತುತ್ತಾಳೆ.

ಈ ಚಳಿಗಾಲದಲ್ಲಿ ಡಾಕ್ಟರ್ ಕೌಶಿಕ ಕಾರು ನಿಲ್ಲಿಸಿ ಅವಳ ಅಂಗಡಿಗೆ ಬಂದರು. ಮಗಳು ತೃಪ್ತಿಯ ನಿಶ್ಚಿತಾರ್ಥ, ಬೀಗರಿಗೆ ಕರದಂಟು ಬೇಕಿತ್ತು. ಪೊಟ್ಟಣ ಕಟ್ಟಿಸಿಕೊಳ್ಳುತ್ತ, "ಅಮ್ಮಾರ, ಅವತ್ತು ಸಿಟ್ಟು ಬಂದಿತ್ತು. ಆದ್ರ ನೀವು ಮಾಡಿದ್ದು ಛಲೋ ಆತು. ಈಗ ರಕ್ತ ಹಾಳಾಗೂದು ಭಾಳ ಕಡಿಮಿ ಆಗೇದ" ಎಂದರು.

"ಅದನ್ನ ನನಗ ಹೇಳಿ ಏನ್ ಮಾಡ್ತೀರಿ? ರಿಜ್ವಾನಾ ಇಲಕಲ್ಲಿನ್ಯಾಗ ಇರ್ತಾಳ. ಅಕಿ ಮುಂದ ಹೋಗಿ ಒಂದು ಮಾತು ಹೇಳ್ರಿ."

"ಯಾವ ರಿಜ್ವಾನಾ?"

ಒಳಗೆ ಕೂತಿದ್ದ ದಸ್ತಗೀರಬಿಯ ಕೈಯಲ್ಲಿನ ಕತ್ತಿ ನಿಂತಿತು. ಪದ್ಮಶ್ರೀ ಕಟ್ಟುತ್ತಿದ್ದ ಪೊಟ್ಟಣವನ್ನು ಬಿಚ್ಚಿ, ಕರದಂಟನ್ನು ಡಬ್ಬಿಗೆ ಮರಳಿ ಹಾಕಿ ಮುಚ್ಚಳ ಮುಚ್ಚಿದಳು.

"ಬಾಜೂ ಅಂಗಡ್ಯಾಗ ಸಿಗ್ತೈತ್ರಿ. ಹೋಗ್ರಿ" ಎಂದಳು.